ಹಿತ್ತಲ ಕೋಳಿ: ಸಾಹಿತ್ಯದ ಸಾಕ್ಷ್ಯ ಮತ್ತು ಸಾಹಿತ್ಯದ ಮೌನ

ಮನೆಯ ಹಿತ್ತಲಿನಲ್ಲಿ ಒಂದೆರಡು ಕೋಳಿ ಸಾಕಿ ಮೊಟ್ಟೆ ಪಡೆಯುವುದು ದಕ್ಷಿಣ ಭಾರತದ ಗ್ರಾಮಜೀವನದಲ್ಲಿ ಬಹು ಹಳೆಯ ಪದ್ಧತಿ. ಆದರೆ ಮಧ್ಯಕಾಲೀನ ಗ್ರಂಥಗಳನ್ನು ಮುಂದಿಟ್ಟುಕೊಂಡು ಈ ಪದ್ಧತಿಯ ಚರಿತ್ರೆಯನ್ನು ಬರೆಯಹೊರಟವರಿಗೆ ಒಂದು ವಿಚಿತ್ರ ಸನ್ನಿವೇಶ ಎದುರಾಗುತ್ತದೆ. ಅಲ್ಲಿ ಹುಂಜ ಎದ್ದುಕಾಣುತ್ತದೆ. ಹೇಂಟೆ ಮರೆಯಲ್ಲಿ ಉಳಿಯುತ್ತದೆ. ಈ ಅಸಮತೋಲವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಭಾಷೆಯ ಸಾಕ್ಷ್ಯವನ್ನು ಗಮನಿಸಬಹುದು. ಹಳಗನ್ನಡದ 'ಕೋೞಿ' ತಮಿಳು, ಮಲಯಾಳಗಳಲ್ಲಿ ಅದೇ ೞಕಾರವನ್ನು ಉಳಿಸಿಕೊಂಡಿದೆ. ಹೊಸಗನ್ನಡದಲ್ಲಿ 'ಕೋಳಿ', ತುಳುವಿನಲ್ಲಿ 'ಕೋರಿ', ತೆಲುಗಿನಲ್ಲಿ 'ಕೋಡಿ' ಆಗಿದೆ. ಕನ್ನಡದ 'ಹುಂಜ'ಕ್ಕೆ ತೆಲುಗಿನ 'ಪುಂಜು', 'ಮೊಟ್ಟೆ'ಗೆ ತಮಿಳಿನ 'ಮುಟ್ಟೈ' ಸಂವಾದಿಗಳು. ಇವು ಎರವಲು ಬಂದ ಪದಗಳಲ್ಲ. ಈ ಭಾಷೆಗಳ ಮನೆಮಾತಿನ ಸ್ವಂತ ಸಂಪತ್ತು. ಜೀವವಿಜ್ಞಾನವೂ ಇಲ್ಲಿ ನೆರವಿಗೆ ಬರುತ್ತದೆ. ಸಾಕುಕೋಳಿಯ ಮುಖ್ಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಅನೇಕ ಸಾಕುಕೋಳಿಗಳ ಕಾಲಿಗೆ ಹಳದಿ ಬಣ್ಣವನ್ನು ಕೊಡುವ ವಂಶವಾಹಿ ಭಾರತದ ಬೂದು ಕಾಡುಕೋಳಿಯಿಂದ ಬಂದುದೆಂದು 2008ರ ಸಂಶೋಧನೆ ತೋರಿಸಿತು. ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಹಕ್ಕಿ ಇದೇ.

ಇನ್ನು ಗ್ರಂಥಗಳ ವಿಚಾರ. ಮನುಸ್ಮೃತಿಯ ಐದನೆಯ ಅಧ್ಯಾಯ ಗ್ರಾಮಕುಕ್ಕುಟವನ್ನು ದ್ವಿಜರಿಗೆ ಅಭಕ್ಷ್ಯವೆಂದು ಸಾರುತ್ತದೆ. 'ಗ್ರಾಮ' ಎಂಬ ವಿಶೇಷಣ ಇಲ್ಲಿ ಮುಖ್ಯವಾದುದು: ನಿಷೇಧಕ್ಕೆ ಗುರಿಯಾದುದು ಊರೊಳಗೆ ತಿಪ್ಪೆ ಕೆದಕಿ ಬದುಕುವ ಹಕ್ಕಿ. ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯ ಅರಸಲಾಪುರದಲ್ಲಿ ಕಾದಾಡಿದ ಹುಂಜವೊಂದಕ್ಕೆ ನಿಲ್ಲಿಸಿದ ಶಾಸನಸಹಿತ ಸ್ಮಾರಕಶಿಲೆಯಿದೆ. ಕಾಳಿ ಎಂಬ ನಾಯಿಯ ಸ್ಮರಣೆಯನ್ನು ಉಳಿಸಿದ ಹತ್ತನೆಯ ಶತಮಾನದ ಆತಕೂರು ಶಾಸನವನ್ನು ಬಲ್ಲ ಕನ್ನಡಿಗರಿಗೆ ಇದು ಅಚ್ಚರಿಯ ವಿಷಯವಲ್ಲ. ಹೋರಾಡಿದ ಪ್ರಾಣಿಗೆ ಕಲ್ಲು ದೊರೆಯುತ್ತದೆ. ಮೊಟ್ಟೆಯಿಟ್ಟ ಪ್ರಾಣಿಗೆ ದೊರೆಯುವುದಿಲ್ಲ.

ಜನ್ನನ 'ಯಶೋಧರ ಚರಿತೆ'ಯಲ್ಲಿ (1209) ಕೋಳಿ ಕಥೆಯ ಕೇಂದ್ರಕ್ಕೇ ಬರುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳು ಭವಭವಗಳಲ್ಲಿ ತೊಳಲಿ, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ ರಾಜನ ಬಾಣಕ್ಕೆ ಬಲಿಯಾಗುತ್ತಾರೆ. ಅಹಿಂಸೆಯ ತತ್ತ್ವಕ್ಕೆ ಇದಕ್ಕಿಂತ ತೀವ್ರವಾದ ರೂಪಕ ದುರ್ಲಭ. ಆದರೂ ಇಲ್ಲಿನ ಕೋಳಿ ಬಲಿಯ ವಸ್ತು, ಬಳಿಕ ಕರ್ಮದ ದೃಷ್ಟಾಂತ, ಗೃಹಕೃತ್ಯದ ಅಂಗವಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಿಂದ ನಮಗೆ ಎರಡು ಭಿನ್ನ ಸಾಕ್ಷ್ಯಗಳು ಲಭ್ಯವಿವೆ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಸುಮಾರು 1130ರ ಹೊತ್ತಿನದು. ಅದರ ವಿನೋದಗಳ ಭಾಗದಲ್ಲಿ ಕುಕ್ಕುಟವಿನೋದಕ್ಕೆ, ಎಂದರೆ ಹುಂಜಗಳ ಕಾಳಗಕ್ಕೆ, ಪ್ರತ್ಯೇಕ ಸ್ಥಾನವಿದೆ. ಮುಂದಿನ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿದ್ದ ಬಸವಣ್ಣನವರ ಪ್ರಸಿದ್ಧ ವಚನವೊಂದು ಕಾಗೆಯನ್ನೂ ಕೋಳಿಯನ್ನೂ ಜೊತೆಗಿಟ್ಟು, ಸಿಕ್ಕಿದ ತುಣುಕಿಗೆ ತಮ್ಮವರನ್ನು ಕೂಗಿ ಕರೆಯುವ ಅವುಗಳ ಗುಣವನ್ನು ಭಕ್ತನಿಗೆ ಅಳತೆಗೋಲಾಗಿ ಹಿಡಿಯುತ್ತದೆ. ಹುಂಜವೂ ಹೀಗೆ ಕರೆಯುವುದುಂಟು. ಆದರೆ ಮರಿಗಳೊಡನೆ ಕೆದಕುವ ತಾಯಿಕೋಳಿಯನ್ನು ಕಂಡವರ ಕಿವಿಗೆ ಮೊದಲು ನೆನಪಾಗುವುದು ಆ ತಾಯಿಯ ದನಿಯೇ. ಅರಮನೆಗೆ ಕಂಡದ್ದು ಕಾದುವ ಕೋಳಿ. ವಚನಕ್ಕೆ ಕಂಡದ್ದು ಹಂಚಿಕೊಳ್ಳುವ ಕೋಳಿ. ಈ ಅಂತರ ಕೇವಲ ಉಪಮೆಯದಲ್ಲ, ನೋಡುವ ನೆಲೆಯದು.

ವಚನವೂ ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಹಿತ್ತಲ ಕೋಳಿಯ ಯಜಮಾನಿಕೆ ಬಹುಮಟ್ಟಿಗೆ ಹೆಂಗಸರದು. ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. 21 ದಿನಕ್ಕೆ ಮರಿಯೊಡೆಯುತ್ತವೆ. ವರ್ಷಕ್ಕೆ ದೊರೆಯುವುದು ಐವತ್ತು ಅರವತ್ತು ಮೊಟ್ಟೆ. ಇವುಗಳಲ್ಲಿ ಎಷ್ಟನ್ನು ಮಕ್ಕಳಿಗೆ ಬೇಯಿಸಬೇಕು, ಎಷ್ಟನ್ನು ಮಾರಬೇಕು, ಎಷ್ಟನ್ನು ಕಾವಿಗೆ ಇಡಬೇಕು ಎಂಬುದು ಪ್ರತಿ ಸಲವೂ ಎದುರಾಗುವ ಲೆಕ್ಕಾಚಾರ. ಎಲ್ಲವನ್ನೂ ಉಂಡರೆ ಮುಂದಿನ ಪೀಳಿಗೆಯಿಲ್ಲ; ಎಲ್ಲವನ್ನೂ ಕಾವಿಗಿಟ್ಟರೆ ಸಂತೆಯ ಉಪ್ಪುಮೆಣಸಿಗೆ ಕಾಸಿಲ್ಲ. ಗೂಡಿನಲ್ಲಿ ಒಂದು ಮೊಟ್ಟೆ ಬಿಟ್ಟು ಉಳಿದವನ್ನು ತೆಗೆಯುವುದು, ಮೊಟ್ಟೆಯನ್ನು ನೀರಿಗೆ ಹಾಕಿ ತೇಲುವ ಹಳತನ್ನು ಬೇರ್ಪಡಿಸುವುದು, ಮರಿಗಳನ್ನು ಹದ್ದಿನಿಂದ ಕಾಪಾಡಲು ಮಂಕರಿ ಕವುಚುವುದು - ಇವೆಲ್ಲ ಶಾಸ್ತ್ರಗ್ರಂಥವಿಲ್ಲದ ಶಾಸ್ತ್ರ.

ಈ ಒಡೆತನದ ನೆನಪನ್ನು ಉಳಿಸಿದ್ದು ಜನಪದ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿ, ಕೋಳಿಯನ್ನೂ ಬೆಂಕಿಯನ್ನೂ ಹೊತ್ತು ಊರುಬಿಟ್ಟ ಮುದುಕಿಯ ಕಥೆ ಕನ್ನಡದಲ್ಲಿ ಗಾದೆಯಷ್ಟೇ ಪರಿಚಿತ. ಸಾಮಾನ್ಯವಾಗಿ ಇದನ್ನು ಅಹಂಕಾರದ ವಿಡಂಬನೆಯೆಂದು ಓದುತ್ತೇವೆ. ಆದರೆ ಕಥೆಯ ಆಧಾರವನ್ನು ಗಮನಿಸಬೇಕು: ಊರವರು ಹೊತ್ತರಿಯುತ್ತಿದ್ದುದು ಅವಳ ಕೋಳಿಯಿಂದ, ಒಲೆ ಹೊತ್ತಿಸುತ್ತಿದ್ದುದು ಅವಳ ಕೆಂಡದಿಂದ. ಒಂಟಿ ಹೆಂಗಸಿನ ಆಸ್ತಿ ಎಷ್ಟು, ಅದು ಊರಿಗೆ ಸಲ್ಲಿಸುತ್ತಿದ್ದ ಸೇವೆ ಏನು ಎಂಬುದರ ದಾಖಲೆಯೂ ಈ ನಗೆಯೊಳಗೇ ಇದೆ.

ಆದ್ದರಿಂದ ಗ್ರಂಥದ ಮೌನವನ್ನು ಬದುಕಿನ ಅಭಾವವೆಂದು ತಿಳಿಯಲಾಗದು. ಕಾಳಗ, ಬಲಿ, ನಿಷೇಧಗಳು ಬರಹಕ್ಕೆ ಬಂದವು. ದಿನದಿನದ ಮೊಟ್ಟೆ ಬಾಯಿಮಾತಿನಲ್ಲೇ ಉಳಿಯಿತು. ಕೋಳಿಫಾರಮಿನ ಮೊಟ್ಟೆ ಬಂದ ಮೇಲೆ ಹಿತ್ತಲೂ ಕಿರಿದಾಗಿದೆ, ಅದರ ನುಡಿಯೂ ಸವೆಯುತ್ತಿದೆ. ಕಾಸರಗೋಡು, ಹೊಸೂರು, ಸೊಲ್ಲಾಪುರಗಳ ಕನ್ನಡ ಮನೆಗಳಲ್ಲಿ ಹೇಂಟೆಗೆ, ಕಾವಿಗೆ, ಮರಿಗೆ, ಗೂಡಿಗೆ ಬಳಸುವ ಮಾತುಗಳನ್ನು ನೆರೆಭಾಷೆಗಳ ಮಾತುಗಳೊಡನೆ ಹೋಲಿಸಿ ಸಂಗ್ರಹಿಸುವುದು ಹೊರನಾಡಿನ ಸಂಶೋಧಕರಿಗೆ ಒಳನಾಡಿನವರಿಗಿಂತ ಸುಲಭಸಾಧ್ಯ. ಆ ಪದಕೋಶವು ಸಿದ್ಧವಾದಲ್ಲಿ ಜನ್ನನ ಕೋಳಿಯ ಪಕ್ಕದಲ್ಲಿ ಮುದುಕಿಯ ಕೋಳಿಗೂ ಚರಿತ್ರೆಯಲ್ಲಿ ಒಂದು ಸ್ಥಾನ ದೊರೆತೀತು.