ಸಾಮೂಹಿಕ ನಿಧಿ ಮತ್ತು ಸ್ವಂತ ಹೂಡಿಕೆ: ಒಂದು ಚಾರಿತ್ರಿಕ ವಿವೇಚನೆ

ಅಲ್ಪ ಉಳಿತಾಯವುಳ್ಳವನು ತನ್ನ ಹಣವನ್ನು ಮ್ಯೂಚುವಲ್ ಫಂಡಿಗೆ ಒಪ್ಪಿಸಬೇಕೆ, ಇಲ್ಲವೆ ಷೇರು, ಸಾಲಪತ್ರಗಳನ್ನು ತಾನೇ ಆರಿಸಿ ಕೊಳ್ಳಬೇಕೆ ಎಂಬುದನ್ನು ಕೇವಲ ಅರ್ಥಶಾಸ್ತ್ರದ ಪ್ರಶ್ನೆಯೆಂದು ಭಾವಿಸುವುದು ವಾಡಿಕೆ. ಆದರೆ ಇಂಥ ನಿಧಿಗಳು ಯಾವ ಕೊರತೆಯನ್ನು ನೀಗಲು ಹುಟ್ಟಿದವು, ಆ ಕೊರತೆ ಇಂದಿಗೂ ಉಳಿದಿದೆಯೆ ಎಂಬುದನ್ನು ಅರಿಯದೆ ಇದಕ್ಕೆ ಸರಿಯಾದ ಉತ್ತರ ದೊರೆಯದು.

1772-73ರ ಹಣಕಾಸಿನ ಮುಗ್ಗಟ್ಟು ಯೂರೋಪನ್ನು ಕಂಗೆಡಿಸಿದ ಬಳಿಕ, 1774ರಲ್ಲಿ ಆಮ್‌ಸ್ಟರ್‌ಡಾಮಿನ ದಲ್ಲಾಳಿ ಅಬ್ರಹಾಂ ವಾನ್ ಕೆಟ್‌ವಿಚ್ ಎಂಬಾತನು ಒಂದು ನಿಧಿಯನ್ನು ಸ್ಥಾಪಿಸಿದನು. ಅದರ ಡಚ್ ಹೆಸರಿಗೆ ‘ಒಗ್ಗಟ್ಟೇ ಬಲ’ ಎಂದರ್ಥ. ಯಾವ ಯಾವ ಸಾಲಪತ್ರಗಳಲ್ಲಿ ಹಣ ತೊಡಗಿಸಲಾಗುವುದೆಂಬ ಪಟ್ಟಿಯನ್ನು ಆತನು ಮೊದಲೇ ಪ್ರಕಟಿಸಿದ್ದನೆಂಬುದು ಗಮನಾರ್ಹ. 1779ರಲ್ಲಿ ಆತನೇ ಆರಂಭಿಸಿದ ಎರಡನೆಯ ನಿಧಿಯಲ್ಲಾದರೋ ಆಯ್ಕೆಯ ಸ್ವಾತಂತ್ರ್ಯವು ಹೆಚ್ಚಾಗಿ ನಿರ್ವಾಹಕನಿಗೆ ಸಂದಿತು. ಹಣದೊಡನೆ ವಿವೇಚನೆಯನ್ನೂ ಒಪ್ಪಿಸುವ ಪದ್ಧತಿಗೆ ಇದನ್ನು ನಾಂದಿಯೆನ್ನಬಹುದು.

ಮೊದಲ ನಿಧಿಯ ಗತಿ ಬೋಧಪ್ರದವಾಗಿದೆ. ಅದರ ಹಂಚಿಕೆ ತೋರಿಕೆಗೆ ವಿಶಾಲವಾಗಿತ್ತು. ಆದರೆ ಗುಲಾಮರ ದುಡಿಮೆಯನ್ನು ಅವಲಂಬಿಸಿದ್ದ ಅಮೆರಿಕದ ವಸಾಹತುಗಳ ತೋಟಗಳಿಗೆ ಕೊಟ್ಟ ಸಾಲಗಳು ಅದರಲ್ಲಿ ಹಲವಿದ್ದವು. 1780-84ರ ಆಂಗ್ಲೋ-ಡಚ್ ಯುದ್ಧದ ಪೆಟ್ಟಿನಿಂದ ಅಂಥ ಸಾಲಗಳು ಒಟ್ಟಾಗಿ ಕೆಟ್ಟವು. ಒಂದೇ ಗಾಳಿಗೆ ಉರುಳುವ ಮರಗಳು ಹತ್ತಿದ್ದರೇನು, ನೂರಿದ್ದರೇನು?

1868ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಫಾರಿನ್ ಅಂಡ್ ಕಲೋನಿಯಲ್’ ನಿಧಿಯ ಉದ್ದೇಶವೂ ಇದೇ: ದೊಡ್ಡ ಬಂಡವಾಳಗಾರನಿಗಿದ್ದ ಹಂಚಿಕೆಯ ಅನುಕೂಲವನ್ನು ಮಧ್ಯಮವರ್ಗದವನಿಗೂ ಒದಗಿಸುವುದು. ಭಾರತದಲ್ಲಿ ಯೂನಿಟ್ ಟ್ರಸ್ಟ್ 1964ರಲ್ಲಿ ತನ್ನ ಮೊದಲ ಯೋಜನೆಯನ್ನು ಆರಂಭಿಸಿತು. ಅದರ ಯೂನಿಟ್ಟಿನ ಬೆಲೆಯನ್ನು ಸಂಸ್ಥೆಯೇ ಗೊತ್ತುಮಾಡುತ್ತಿದ್ದುದರಿಂದ, ತನ್ನ ಪಾಲಿನ ನಿಜವಾದ ಮೌಲ್ಯವೆಷ್ಟೆಂಬುದು ಹಣ ಹಾಕಿದವನಿಗೆ ಕಾಣುತ್ತಿರಲಿಲ್ಲ. 2001ರ ಜುಲೈಯಲ್ಲಿ ಮಾರಾಟ, ಮರುಖರೀದಿಗಳೆರಡೂ ನಿಂತಾಗ ಸಂಬಳದಾರರೂ ನಿವೃತ್ತರೂ ದಿಗ್ಭ್ರಾಂತರಾದರು.

ಒಟ್ಟಿನಲ್ಲಿ ನಿಧಿಗಳು ಸಣ್ಣ ಉಳಿತಾಯಗಾರನಿಗೆ ನೀಡಿದ ಸೇವೆ ಮೂರು ಬಗೆಯದು: ಹಣದ ಹಂಚಿಕೆ, ಪತ್ರಗಳ ರಕ್ಷಣೆ, ಆಯ್ಕೆಯ ವಿವೇಚನೆ. 1996ರ ಡಿಪಾಸಿಟರಿ ಕಾಯಿದೆಯ ತರುವಾಯ ಷೇರುಗಳು ಕಾಗದವನ್ನು ಬಿಟ್ಟು ಖಾತೆಯ ಲೆಕ್ಕಗಳಾದವು. ಈಗ ಒಂದೊಂದೇ ಷೇರನ್ನು ಕೊಳ್ಳುವುದೂ ಸಾಧ್ಯ. ಹೀಗೆ ಮೊದಲೆರಡು ಸೇವೆಗಳ ಅಗತ್ಯ ಬಹುಮಟ್ಟಿಗೆ ತಗ್ಗಿದೆ, ಮೂರನೆಯದು ತಗ್ಗಿಲ್ಲ. ಹಂಚಿಕೆಯಲ್ಲಿ ಸಂಖ್ಯೆಗಿಂತ ಷೇರುಗಳ ಪರಸ್ಪರ ಸಂಬಂಧವೇ ಮುಖ್ಯವೆಂದು 1952ರಲ್ಲಿ ಹ್ಯಾರಿ ಮಾರ್ಕೊವಿಟ್ಸ್ ಗಣಿತದಿಂದ ನಿರೂಪಿಸಿದನು. ಆಮ್‌ಸ್ಟರ್‌ಡಾಮಿನ ಅನುಭವ ಸೂಚಿಸುವುದೂ ಇದನ್ನೇ.

ಆದುದರಿಂದ ಸ್ವಂತವಾಗಿ ಹೂಡಿಕೆ ಮಾಡುವವನು ನಿರ್ವಾಹಕನ ಶುಲ್ಕವನ್ನು ಉಳಿಸುವನಾದರೂ, ಆತನ ಕೆಲಸವನ್ನು ತಾನೇ ಹೊರಬೇಕಾಗುತ್ತದೆ. ಕಂಪನಿಗಳ ವಾರ್ಷಿಕ ಲೆಕ್ಕಪತ್ರಗಳನ್ನು ಓದುವ ವ್ಯವಧಾನ, ಬೆಲೆ ಕುಸಿದಾಗ ಕಾಯುವ ತಾಳ್ಮೆ ಇವೆರಡೂ ಉಳ್ಳವನಿಗೆ ಆ ಮಾರ್ಗ ಯುಕ್ತ. ಇಲ್ಲದವನಿಗೆ, ಅಮೆರಿಕದಲ್ಲಿ 1976ರಲ್ಲಿ ಸಾಮಾನ್ಯರಿಗೆ ದೊರೆತ ಸೂಚ್ಯಂಕ ನಿಧಿಯಂಥವು ಲೇಸು. ಅವುಗಳಲ್ಲಿ ಪಟ್ಟಿ ನಿಯಮಬದ್ಧ, ಎಲ್ಲರಿಗೂ ಬಹಿರಂಗ. 1774ರ ನಿಧಿಯ ಗುಣವೂ ಅದೇ ಆಗಿತ್ತು. ಹಣವನ್ನು ಪರರಿಗೆ ಒಪ್ಪಿಸಬಹುದು. ಎಚ್ಚರವನ್ನು ಒಪ್ಪಿಸಲಾಗದು ಎಂಬುದೇ ಈ ಚರಿತ್ರೆಯ ಸಾರ.