ಅಟ್ಟೆ, ರಬ್ಬರು ಮತ್ತು ರಫ್ತು: ವಿಜಯಪುರ ಸೀಮೆಯ ಚಪ್ಪಲಿಯ ಕಥೆ

2025ರ ಜೂನ್ 22ರಂದು ಮಿಲಾನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಯನ್ನು ರೂಪದರ್ಶಿಗಳ ಕಾಲಿಗೆ ತೊಡಿಸಿತು. ಆಮೇಲೆ ತಿಂಗಳುಗಟ್ಟಲೆ ಎಲ್ಲೆಡೆ ವಿನ್ಯಾಸ ಕಳುವಾದ ಮಾತೇ ನಡೆಯಿತು. ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಕೊಲ್ಹಾಪುರದ ಪೇಟೆಯಲ್ಲಿ ಶುರುವಾಗಿ ಅಲ್ಲಿಯೇ ಮುಗಿದವು. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆಯ ಪಟ್ಟಿ ನೋಡಿದವರಿಗೆ ಗೊತ್ತು, ಅದರಲ್ಲಿ ಎಂಟು ಜಿಲ್ಲೆಗಳಿವೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಕರ್ನಾಟಕದ ಪಾಲನ್ನು ನೆನಪಿಸಿದವರು ಸಹ ಅಥಣಿ, ನಿಪ್ಪಾಣಿ ದಾಟಿ ಈಚೆ ಬರಲಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತೊಗಲಿನ ಕೆಲಸಕ್ಕೆ ಈ ಚಪ್ಪಲಿಯ ರಫ್ತಿನಲ್ಲಿ ಏನು ಪಾಲಿತ್ತು, ಅದು ಹೇಗೆ ಕೈತಪ್ಪಿತು ಎಂಬುದನ್ನು ಹೇಳಲು ಈ ಬರಹ.

ಹಳೆಯ ಕಾಲವನ್ನು ಬೇಗ ದಾಟುತ್ತೇನೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರಿಗೆ ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿಕೊಟ್ಟ ಕಥೆ ಇಲ್ಲಿ ಎಲ್ಲರ ಬಾಯಲ್ಲಿದೆ. ತೊಗಲು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯನವರೂ ಶರಣರೇ. ಅಲ್ಲಿಂದ ಏಳೆಂಟು ಶತಮಾನ ಕಳೆದು, ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಈ ಕಸುಬಿಗೆ ಒತ್ತಾಸೆ ಕೊಟ್ಟರು. ತೆಳು ಅಟ್ಟೆಯ ಚಪ್ಪಲಿ ಮುಂಬೈ ಪೇಟೆಗೆ ಹೋಯಿತು, ಊರಿನ ಹೆಸರೇ ಸರಕಿನ ಹೆಸರಾಯಿತು. 1970ರ ದಶಕದಲ್ಲಿ ಹಿಪ್ಪಿಗಳ ಕಾಲಿಗೇರಿ ಅದು ಅಮೆರಿಕ ತಲುಪಿತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕಸುಬು ನಿಂತಿದ್ದು ಪೇಟೆಯ ಮೇಲಲ್ಲ, ಒಕ್ಕಲುತನದ ಮೇಲೆ. ಡೋಹರರು ತೊಗಲು ಹದ ಮಾಡುತ್ತಿದ್ದರು, ಸಮಗಾರರು ಕೆರ ಹೊಲಿಯುತ್ತಿದ್ದರು. ಕಪಿಲೆ ಬಾವಿಯ ತೊಗಲ ಚೀಲ, ಬಾರುಕೋಲು, ಎತ್ತಿನ ಕೊರಳಪಟ್ಟಿ ಎಲ್ಲವೂ ಅವರ ಕೈಯವೇ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯ ತರುತ್ತಿದ್ದರು. ಪಂಪ್‌ಸೆಟ್ ಬಂದಾಗ ಕಪಿಲೆ ನಿಂತಿತು. ಬಂಡಿಗೆ ರಬ್ಬರ್ ಗಾಲಿ ಬಂದ ಮೇಲೆ ಸವೆದ ಟೈರು ಕತ್ತರಿಸಿದ ಚಪ್ಪಲಿ ಸಂತೆಗೆ ಬಂತು, ಹಿಂದೆಯೇ ಹವಾಯಿ ಚಪ್ಪಲಿ. ಊರೊಳಗಿನ ಗಿರಾಕಿಯನ್ನು ಕಸಿದದ್ದು ರಬ್ಬರು. ರೈತನನ್ನು ಅದಕ್ಕೆ ದೂರಲಾರೆ: ಎರೆಮಣ್ಣಿನ ಕೆಸರಿನಲ್ಲಿ ರಬ್ಬರು ತೊಳೆದರೆ ಮುಗಿಯಿತು, ತೊಗಲು ನೆನೆದು ಹಾಳಾಗುತ್ತದೆ. ಕಸುಬಿನವರಿಗೆ ಉಳಿದದ್ದು ದೂರದ ಗಿರಾಕಿ ಮಾತ್ರ. ಹಸಿ ತೊಗಲು ತಮಿಳುನಾಡಿನ ಕಾರ್ಖಾನೆಗಳ ಕಡೆ ಹೋಯಿತು, ಹುಡುಗರು ಸೊಲ್ಲಾಪುರ, ಪುಣೆ, ಗೋವೆಗೆ ಹೋದರು.

ದೂರದ ಗಿರಾಕಿಗೆ ಬೇಕಾದದ್ದು ಏನು ಎಂದು ತಿಳಿಯಬೇಕಾದರೆ ಹದದ ಕೆಲಸವನ್ನು ಹತ್ತಿರದಿಂದ ನೋಡಬೇಕು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಕೆರೆಯುತ್ತಾರೆ. ಎಮ್ಮೆ ತೊಗಲಿನ ಅಂಚು ಸೇರಿಸಿ ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ಕುಟ್ಟಿದ ಜಾಲಿ ತೊಗಟೆ, ಅಳಲೆಕಾಯಿ ಮತ್ತು ನೀರು ತುಂಬುತ್ತಾರೆ. ಒಗರು ನೀರು ತೊಗಲಿನೊಳಗಿಂದ ಹನಿಹನಿಯಾಗಿ ಸೋರಿ ಕೆಳಗಿನ ಬಾನಿಗೆ ಬೀಳುತ್ತದೆ. ಅದನ್ನೇ ಮತ್ತೆ ಮೇಲಕ್ಕೆ ಸುರಿಯಬೇಕು. ಕೊನೆಗೆ ಅಂಚು ಕತ್ತರಿಸಿ ನೋಡಿದರೆ ನಡುವೆ ಬಿಳಿ ಗೆರೆ ಇರಬಾರದು, ಇದ್ದರೆ ಹದ ಒಳಗೆ ಮುಟ್ಟಿಲ್ಲ. ಇಷ್ಟಕ್ಕೆ ತಿಂಗಳು ಮೀರುತ್ತದೆ. ಕಾರ್ಖಾನೆಗಳ ಕ್ರೋಮ್ ಹದ ಒಂದೆರಡು ದಿನದ್ದು. ಅಟ್ಟೆಯನ್ನು ರಂಪಿಗೆಯಿಂದ ಕೊಯ್ದು, ಕಲ್ಲಿನ ಮೇಲೆ ಬಡಿದು, ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಅಪ್ಪಟ ಜೋಡಿಯಲ್ಲಿ ಮೊಳೆಯಿಲ್ಲ, ಅಂಟೂ ಇಲ್ಲ.

ರಫ್ತಿನ ಮಾರುಕಟ್ಟೆ ಬಿಗಿಯಾದದ್ದು ಕಾನೂನಿನಿಂದ. ತೊಗಲಿಗೆ ಬೂಷ್ಟು ಹಿಡಿಯದಂತೆ ಹಾಕುತ್ತಿದ್ದ ಪಿಸಿಪಿ ರಾಸಾಯನಿಕವನ್ನು ಜರ್ಮನಿ 1989ರಲ್ಲಿ ನಿಷೇಧಿಸಿತು, ಆಮೇಲೆ ಕೆಲವು ಅಝೋ ಬಣ್ಣಗಳನ್ನೂ ತಡೆಯಿತು. 2015ರ ಮೇ 1ರಿಂದ ಯುರೋಪಿನಲ್ಲಿ ಮೈಗೆ ತಾಗುವ ತೊಗಲಿನ ಸರಕಿನಲ್ಲಿ ಕ್ರೋಮಿಯಂ-6 ಕಿಲೋಗೆ 3 ಮಿಲಿಗ್ರಾಂ ಮುಟ್ಟುವಂತಿಲ್ಲ. ದೊಡ್ಡ ಕಾರ್ಖಾನೆಗಳು ಪ್ರಯೋಗಾಲಯದ ಬಾಗಿಲು ಕಾಯಬೇಕಾಯಿತು. ಜಾಲಿ ತೊಗಟೆಯ ಹದದಲ್ಲಿ ಕ್ರೋಮ್ ಎಂಬುದೇ ಇಲ್ಲ. ನಮ್ಮ ಡೋಹರ ಓಣಿಗಳಿಗೆ ಬಾಗಿಲು ತೆರೆದ ಹೊತ್ತು ಅದು. ಆ ಹೊತ್ತಿಗೆ ಓಣಿಗಳ ಬಾನಿಗಳು ಬಹುಪಾಲು ಒಣಗಿದ್ದವು.

ನಮ್ಮ ತಲೆಮಾರಿನವರು ರಫ್ತು ಕಲಿತದ್ದು ಅಥಣಿಯನ್ನು ನೋಡಿ. 1976ರಲ್ಲಿ ಸ್ಥಾಪನೆಯಾದ ರಾಜ್ಯದ ಚರ್ಮ ಕೈಗಾರಿಕಾ ನಿಗಮ ಲಿಡ್ಕರ್, ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ, ವಿಶ್ವಸಂಸ್ಥೆಯ ನೆರವಿನ ರಾಷ್ಟ್ರೀಯ ಚರ್ಮ ಅಭಿವೃದ್ಧಿ ಕಾರ್ಯಕ್ರಮ, ಬೆಂಗಳೂರಿನ ಅಸೆಂಟ್ ಸಂಸ್ಥೆ ಒಟ್ಟಾಗಿ ಕಳೆದ ಶತಮಾನದ ಕೊನೆಯಲ್ಲಿ ಅಲ್ಲಿ ಮಾಡಿದ ಕೆಲಸ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯುತ್ತಮ ಅಧ್ಯಾಯ. ಕುಶಲಕರ್ಮಿಗಳೇ ಒಡೆಯರಾದ 'ಟೋಹೋಲ್ಡ್' ಹುಟ್ಟಿ, ಯುರೋಪು, ಜಪಾನಿಗೆ ಸರಕು ಹೋಯಿತು. ಅಲ್ಲಿಯವರೆಗೆ ಕೂಲಿಯಿಲ್ಲದೆ ಹೆಣೆದು, ಹೊಲಿದು ಕೊಡುತ್ತಿದ್ದ ಹೆಣ್ಣುಮಕ್ಕಳು ಸ್ವಸಹಾಯ ಗುಂಪು ಕಟ್ಟಿ ಖಾತೆಯಲ್ಲಿ ಹೆಸರು ಬರೆಸಿದರು. ಎಡ ಬಲದ ಅಳತೆ ಕೂದಲೆಳೆಯಷ್ಟೂ ತಪ್ಪದಿರುವುದು, ಯುರೋಪಿನ ಅಳತೆ ಸಂಖ್ಯೆಗೆ ಅಚ್ಚು ಇಡುವುದು, ಹೇಳಿದ ದಿನಕ್ಕೆ ಪೆಟ್ಟಿಗೆ ಕಟ್ಟುವುದು: ಇವನ್ನು ಅಲ್ಲಿ ಕಲಿತವರ ಕೈ ಇಂದಿಗೂ ಬೇರೆ. ವಿನ್ಯಾಸಗಾರರನ್ನು ಕರೆಸಿ ಮೂರು ದಿನದ ಶಿಬಿರ ನಡೆಸುವ ಈಚಿನ ಪದ್ಧತಿಗೆ ಆ ಫಲ ಸಿಕ್ಕಿಲ್ಲ. ಆದರೆ ಅಥಣಿಯ ಪಾಠ ವಿಜಯಪುರದ ಕಡೆಗೆ ದಾಟಲಿಲ್ಲ.

ರಬ್ಬರು ಎರಡನೆಯ ಸಲ ಬಂದದ್ದು ರಫ್ತಿನ ಹಾದಿಯಲ್ಲಿ. ತೊಯ್ದ ಕಾಲುದಾರಿಯಲ್ಲಿ ತೊಗಲ ಅಟ್ಟೆ ಜಾರುತ್ತದೆ ಎಂದು ಗಿರಾಕಿಗಳು ಕೆಳಗೆ ತೆಳು ರಬ್ಬರ್ ಹಾಳೆ ಕೇಳಿದರು, ವ್ಯಾಪಾರಿಗಳು ಅಂಟಿಸಿ ಕೊಟ್ಟರು. ಇದರ ಲೆಕ್ಕ ಸುಂಕದ ಪಟ್ಟಿಯಲ್ಲಿದೆ. ತೊಗಲ ಅಟ್ಟೆ, ಪಾದದ ಮೇಲೆ ಪಟ್ಟಿ, ಹೆಬ್ಬೆರಳಿಗೆ ಕುಣಿಕೆ ಇರುವ ಚಪ್ಪಲಿಗೆ ಜಗತ್ತಿನ ಸುಂಕ ಪಟ್ಟಿಯಲ್ಲಿ 6403.20 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ. ಅಮೆರಿಕದಲ್ಲಿ ಅದಕ್ಕೆ ಮೂಲ ಸುಂಕ ಶೂನ್ಯ. ನೆಲಕ್ಕೆ ತಾಗುವ ಹೆಚ್ಚಿನ ಭಾಗ ಯಾವ ವಸ್ತುವೋ ಅದೇ ಅಟ್ಟೆ ಎಂಬುದು ನಿಯಮ. ಹಾಗಾಗಿ ಪೂರ್ತಿ ರಬ್ಬರ್ ಹಾಳೆ ಬಿದ್ದ ಕೂಡಲೇ ಚಪ್ಪಲಿ ಆ ಸಂಖ್ಯೆಯಿಂದ ಹೊರಬೀಳುತ್ತದೆ. ಗಂಡಸರ ಜೋಡಿಗೆ ಸಾಮಾನ್ಯವಾಗಿ ಶೇ 8.5, ಹೆಂಗಸರದಕ್ಕೆ ಶೇ 10 ಮೂಲ ಸುಂಕ. 2025ರ ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ ಅಮೆರಿಕ ಶೇ 50ರ ಹೆಚ್ಚುವರಿ ಸುಂಕ ಹೇರಿದಾಗ ಎರಡಕ್ಕೂ ಪೆಟ್ಟು ಬಿತ್ತು, ಆದರೆ ರಬ್ಬರಿನದಕ್ಕೆ ಹಳೆಯ ಹೊರೆಯೂ ಸೇರಿತು. ಮಳೆಯ ದೇಶಕ್ಕೆ ರಬ್ಬರ್ ಹಾಕಿದ್ದು ತಪ್ಪಲ್ಲ. ಅದನ್ನು ಬೇರೆ ಹೆಸರಿನಲ್ಲಿ ಮಾರಬೇಕಿತ್ತು. ಒಂದೇ ಹೆಸರಿನಲ್ಲಿ ಎರಡನ್ನೂ ಮಾರಿದ್ದರಿಂದ ತಿಂಗಳು ಕಾದು ಹದ ಮಾಡಿದ ತೊಗಲಿಗೂ ಅಂಟಿನ ಸರಕಿನ ಬೆಲೆಯೇ ಬಂತು.

ಜಿಐ ಮಾನ್ಯತೆಗೆ 2009ರಲ್ಲಿ ಅರ್ಜಿ ಹೋಗಿತ್ತು, ಸುದ್ದಿಯಾದದ್ದು 2019ರಲ್ಲಿ. ಲಿಡ್ಕರ್ ಹೋರಾಡದಿದ್ದರೆ ಕರ್ನಾಟಕದ ನಾಲ್ಕು ಜಿಲ್ಲೆಗಳು ಹೊರಗುಳಿಯುತ್ತಿದ್ದವು. ಆ ಋಣ ದೊಡ್ಡದು. 2025ರ ಡಿಸೆಂಬರಿನಲ್ಲಿ ಪ್ರಾಡಾ, ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್ ಒಪ್ಪಂದಕ್ಕೆ ಬಂದವು: 2,000 ಜೋಡಿ, ಜೋಡಿಗೆ ಸುಮಾರು 800 ಯೂರೊ, ಜೊತೆಗೆ ಕುಶಲಕರ್ಮಿಗಳಿಗೆ ಮೂರು ವರ್ಷದ ತರಬೇತಿ. ಇಲ್ಲಿ ಒಳ್ಳೆಯ ಜೋಡಿಗೆ ಒಂದೆರಡು ಸಾವಿರ ರೂಪಾಯಿ ಸಿಕ್ಕರೆ ಹೆಚ್ಚು.

ವಿನ್ಯಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಪ್ರಾಡಾ ಅದನ್ನು ತೋರಿಸಿಯೇಬಿಟ್ಟಿತು. ಹದ ನಕಲಾಗುವುದಿಲ್ಲ. ಜಿಐ ಕುರಿತ ಬರಹಗಳಲ್ಲಿ ಹೊಲಿಯುವವರ ಚಿತ್ರ ಇರುತ್ತದೆ, ಹದ ಮಾಡುವವರದು ಅಪರೂಪ. ಆ ವಾಸನೆಯ ಕೆಲಸವನ್ನು ಜಾತಿ ಊರ ಹೊರಗೆ ಇಟ್ಟಿತ್ತು, ಬರಹವೂ ಹೊರಗೇ ಇಟ್ಟಿದೆ. ರಫ್ತಿನ ಅಂಕಿಅಂಶ ಬಂದರಿನಲ್ಲಿ ಶುರುವಾಗುತ್ತದೆ, ತೊಗಲು ಆಲಮೇಲದ್ದೋ ನಾಲತವಾಡದ್ದೋ ಎಂದು ಅದರಲ್ಲಿ ಕಾಲಂ ಇಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ವ್ಯಾಪ್ತಿಗೆ 13 ವರ್ಷದೊಳಗಿನ ಎಮ್ಮೆಯೂ ಸೇರಿದೆ, ತೊಗಲು ಇನ್ನಷ್ಟು ತುಟ್ಟಿ. ಇದೇ ಜಿಲ್ಲೆಯ ಇಂಡಿ ನಿಂಬೆ ಜಿಐ ಪಡೆದು, 2025ರ ಆಗಸ್ಟಿನಲ್ಲಿ 3 ಟನ್ ತನ್ನದೇ ಹೆಸರಿನಲ್ಲಿ ಯುಎಇಗೆ ಹೋಯಿತು. ನಿಂಬೆಗೆ ಆದದ್ದು ತೊಗಲಿಗೂ ಆಗಬಲ್ಲದು. ಅದಕ್ಕೆ ಬೇಕಾದದ್ದು ಹೆಚ್ಚಲ್ಲ: ಕೊಳಚೆ ನೀರಿನ ವ್ಯವಸ್ಥೆಯುಳ್ಳ ಒಂದು ಸಾಮೂಹಿಕ ಹದಕೇಂದ್ರ, ಜಾಲಿ ತೊಗಟೆಗೆ ಅರಣ್ಯ ಇಲಾಖೆಯ ಪರವಾನಗಿ, ಮತ್ತು ಆ ಮೂರು ವರ್ಷದ ತರಬೇತಿಯ ಪಟ್ಟಿಯಲ್ಲಿ ಈ ನಾಲ್ಕು ತಾಲ್ಲೂಕುಗಳ ಡೋಹರ ಮನೆಗಳ ಹೆಸರು.