ಮುಧೋಳ ನಾಯಿ ಮತ್ತು ಮೈಬಣ್ಣದ ತಕರಾರು

ಬಾಗಲಕೋಟೆ ಜಿಲ್ಲೆಯ ಮುಧೋಳದ ಸುತ್ತಮುತ್ತ ಸಾಕುತ್ತ ಬಂದ ಬೇಟೆನಾಯಿಗೆ ಇಂಥದ್ದೇ ಬಣ್ಣವೆಂಬ ಕಟ್ಟಳೆ ಇಲ್ಲ. ಕಂದು, ಕಪ್ಪು, ಬೂದು, ಬಿಳಿ, ಮೈತುಂಬ ಗೀರುಪಟ್ಟೆ ಇರುವುದು, ಎದೆ ಮತ್ತು ಪಾದ ಮಾತ್ರ ಬೆಳ್ಳಗಿರುವುದು, ಎಲ್ಲವೂ ಮುಧೋಳ ನಾಯಿಯೇ. ಬಲ್ಲವರು ನೋಡುವುದು ಉದ್ದನೆಯ ಚೂಪು ಮೋರೆ, ಆಳವಾದ ಎದೆಗೂಡು, ಬೆನ್ನಿಗೆ ಹತ್ತಿದಂಥ ಹೊಟ್ಟೆ, ಎದ್ದು ಕಾಣುವ ಸೊಂಟದ ಎಲುಬು, ನೀಳವಾದ ಕಾಲು. ಮೂಸಿ ಹುಡುಕುವ ನಾಯಿ ಇದಲ್ಲ, ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿ ಹಿಡಿಯುವ ನಾಯಿ. ಮೊಲ ಎದ್ದರೆ ಅರ್ಧ ಮೈಲಿ ಕಾಣುವ ಬಯಲುಸೀಮೆಗೆ ಬೇಕಾದದ್ದು ಇಂಥದ್ದೇ.

ಬಣ್ಣದ ಬಗೆಗಿನ ಈ ಉದಾಸೀನ ನಾಯಿಗೆ ಮಾತ್ರ ಸೀಮಿತವಲ್ಲ. ಹಚ್ಚೊಳ್ಳಿ, ಸಿರುಗುಪ್ಪ, ಕುರುಗೋಡಿನ ಕಡೆಯ ಕುರಿಹಿಂಡುಗಳನ್ನು ನೋಡಿದರೂ ಗೊತ್ತಾಗುತ್ತದೆ. ‘ಬಳ್ಳಾರಿ ಕುರಿ’ ಎಂದು ದಾಖಲಾಗಿರುವ ತಳಿಯಲ್ಲಿ ಅಚ್ಚ ಬಿಳಿಯಿಂದ ಕಡುಗಪ್ಪಿನವರೆಗೆ ಎಲ್ಲ ಬೆರಕೆ ಬಣ್ಣಗಳೂ ಉಂಟು. ಅವುಗಳಲ್ಲಿ ಒಂದು ಬಣ್ಣವನ್ನು ಮಾತ್ರ ಅಸಲಿ ಎಂದು ಯಾರೂ ಬೇರೆ ಮಾಡಿಲ್ಲ.

ಕನ್ನಡ ನಾಡಿನಲ್ಲಿ ಬೇಟೆನಾಯಿಯ ಬೆಲೆ ಎಷ್ಟಿತ್ತೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಸಾಕ್ಷಿ. ಕ್ರಿ.ಶ. 950ರ ಸುಮಾರಿನ ಈ ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರನು ಗಂಗರ ಬೂತುಗನಿಂದ ಇನಾಮಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯ ಮೇಲೆ ಬಿದ್ದ ಕಾಳಿ ಅದನ್ನು ಕೊಂದು ತಾನೂ ಸತ್ತಿತು. ನಾಯಿ ಮತ್ತು ಹಂದಿ ಸೆಣಸುವ ಚಿತ್ರವನ್ನೂ ಕಲ್ಲಿನಲ್ಲಿ ಕಡೆದಿದ್ದಾರೆ. ಕಾಳಿಯನ್ನು ಕೊಂಡಾಡಿದ್ದು ಅದರ ಕಾದಾಟಕ್ಕೆ, ರೂಪಕ್ಕಲ್ಲ.

ಮುಧೋಳದ ನಾಯಿಗಳೂ ಮೊದಲು ಬೇಡರ ಕೈಯಲ್ಲಿದ್ದವು. ಅವುಗಳ ಪೂರ್ವಜರು ಅರಬ್ ಮತ್ತು ಮಧ್ಯ ಏಷ್ಯಾದ ಕಡೆಯಿಂದ ವರ್ತಕರ, ಸೈನಿಕರ ಜೊತೆ ಬಂದವೆಂದು ನಂಬಿಕೆ. ಸಲೂಕಿ ನಾಯಿಯೊಡನೆ ಇರುವ ಹೋಲಿಕೆ ಇದಕ್ಕೆ ಒತ್ತಾಸೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಬೇಡರ ನಾಯಿಗಳಲ್ಲಿ ಒಳ್ಳೆಯವನ್ನು ಆರಿಸಿ ತಳಿ ಬೆಳೆಸಿದರು. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಜೋಡಿಯೊಂದನ್ನು ಕಾಣಿಕೆಯಾಗಿ ಕೊಟ್ಟ ಮೇಲೆ ನಾಯಿಗೆ ಊರಿನ ಹೆಸರೇ ನಿಂತಿತೆನ್ನುತ್ತಾರೆ.

ಬಣ್ಣದ ತಕರಾರು ಹುಟ್ಟಿದ್ದು ಬಯಲಿನಲ್ಲಲ್ಲ, ವಂಶಾವಳಿಯ ಪುಸ್ತಕದಲ್ಲಿ. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಆರಂಭವಾದ ಮೇಲೆ ನಾಯಿಯ ತಂದೆತಾಯಿಗಳ ಹೆಸರು ಬರೆದಿಡುವುದು, ಪ್ರತಿ ತಳಿಗೂ ಲಿಖಿತ ಲಕ್ಷಣ ಗೊತ್ತುಮಾಡುವುದು ರೂಢಿಗೆ ಬಂತು. ಆ ಲಕ್ಷಣಗಳಲ್ಲಿ ತೀರ್ಪುಗಾರ ದೂರದಿಂದಲೇ ಗುರುತಿಸಬಹುದಾದದ್ದು ಬಣ್ಣ. ಇದರ ಅತಿರೇಕ ಕಂಡದ್ದು ಜರ್ಮನ್ ಶೆಫರ್ಡ್ ತಳಿಯಲ್ಲಿ. 1899ರಲ್ಲಿ ಆ ತಳಿಯ ಮೊದಲ ನಾಯಿಯಾಗಿ ನೋಂದಣಿಯಾದ ಹೊರಾಂಡನ ತಾಯಿಯ ತಂದೆ ಬಿಳಿ ನಾಯಿ. ಹಾಗಿದ್ದೂ 1933ರಲ್ಲಿ ಜರ್ಮನಿಯಲ್ಲಿ ಬಿಳಿ ಮೈಯನ್ನು ದೋಷವೆಂದು ಹೊರಗಿಟ್ಟರು. ಅಜ್ಜನನ್ನು ಒಪ್ಪಿ ಮೊಮ್ಮಕ್ಕಳನ್ನು ಒಪ್ಪದ ವಿಚಿತ್ರ ನಿಯಮವಿದು. ಅಮೆರಿಕ, ಕೆನಡಾಗಳಲ್ಲಿ ಉಳಿದುಕೊಂಡ ಬಿಳಿ ನಾಯಿಗಳ ಸಂತತಿ ಸ್ವಿಟ್ಜರ್‌ಲೆಂಡಿನಲ್ಲಿ ಬೇರೆ ತಳಿಯಾಗಿ ಬೆಳೆದು, 2011ರಲ್ಲಿ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ಪೂರ್ಣ ಮಾನ್ಯತೆ ಪಡೆಯಿತು.

ತಮಿಳುನಾಡಿನಲ್ಲಿ ಲೆಕ್ಕ ತಿರುವುಮುರುವು. ರಾಜಪಾಳಯಂ ನಾಯಿ ಹಾಲಿನಂತೆ ಬೆಳ್ಳಗಿದ್ದು, ಮೂಗು ನಸುಗೆಂಪಾಗಿದ್ದರೆ ಮಾತ್ರ ಬೆಲೆ. ಕಪ್ಪು, ಕಂದು ಮರಿಗಳೂ ಹುಟ್ಟುತ್ತವೆ; ಹಿಂದೆ ಅವನ್ನು ಹುಟ್ಟಿದ ಕೂಡಲೇ ಕೊಲ್ಲುವ ಪದ್ಧತಿಯಿತ್ತು. ಬಿಳಿಗೆ ಬಿಳಿಯನ್ನೇ ಕೂಡಿಸುತ್ತ ಹೋದದ್ದರ ಫಲವಾಗಿ ಕಿವುಡು ಮರಿಗಳು ಈ ತಳಿಯ ತಲೆನೋವಾಗಿವೆ. ಒಳಗಿವಿಯ ಕೆಲಸಕ್ಕೂ ವರ್ಣಕಣಗಳು ಬೇಕು. ಅಲ್ಲಿ ಅವು ಇಲ್ಲದಿದ್ದರೆ ಮರಿಗೆ ಕೆಲವೇ ವಾರಗಳಲ್ಲಿ ಕಿವಿ ಕೇಳಿಸದಂತಾಗುತ್ತದೆ. ಅದೇ ಸೀಮೆಯ ಕನ್ನಿ ಮತ್ತು ಚಿಪ್ಪಿಪಾರೈ ನಾಯಿಗಳ ಜಗಳ ಇನ್ನೊಂದು ಬಗೆಯದು. ಕಪ್ಪು ಮೈಗೆ ಕಂದು ಗುರುತಿದ್ದರೆ ಕನ್ನಿ, ಉಳಿದ ಬಣ್ಣದ್ದು ಚಿಪ್ಪಿಪಾರೈ, ತಳಿ ಮಾತ್ರ ಒಂದೇ ಎಂದು ಕೆಲವರು. ಎರಡೂ ಬೇರೆ ಬೇರೆ ಎಂದು ಇನ್ನು ಕೆಲವರು.

ಅಪರೂಪದ ಬಣ್ಣ ಕಂಡಾಗಲೆಲ್ಲ ಕೇಳಿಬರುವ ಅನುಮಾನ ಒಂದೇ: ಬೆರಕೆಯಾಗಿದೆ. ಇದು ಕೆಲವೊಮ್ಮೆ ನಿಜ, ಎಷ್ಟೋ ಸಲ ಸುಳ್ಳು. ಬಣ್ಣವನ್ನು ತಿಳಿಗೊಳಿಸುವ ಜೀನು ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮೈಮೇಲೆ ಕಾಣುತ್ತದೆ. ಒಬ್ಬರಿಂದ ಬಂದರೆ ತಲೆಮಾರುಗಟ್ಟಲೆ ಅಡಗಿರಬಲ್ಲದು. ಹೀಗಾಗಿ ಎರಡು ಕಪ್ಪು ನಾಯಿಗಳಿಗೆ ಬೂದು ಮರಿ ಹುಟ್ಟುವುದು ಅಸಾಧ್ಯವೇನಲ್ಲ. ಬೆಳ್ಳಿಬಣ್ಣದ ಲ್ಯಾಬ್ರಡಾರ್ ಕುರಿತು ಅಮೆರಿಕದಲ್ಲಿ ವಾದ ಇನ್ನೂ ಮುಗಿಯದಿರುವುದು ಇದಕ್ಕೇ: ಅದು ಅಡಗಿದ್ದ ಜೀನೋ, ವೈಮರಾನರ್ ತಳಿಯ ಬೆರಕೆಯೋ? ಹೊಸ ಬಣ್ಣಕ್ಕೆ ಹೆಚ್ಚು ದುಡ್ಡು ಸಿಗುವಲ್ಲಿ ಬೇಕೆಂದೇ ಬೆರಕೆ ಮಾಡುವವರೂ ಇರುತ್ತಾರೆ. ಮರ್ಲ್ ಎನ್ನುವ ಮಚ್ಚೆಬಣ್ಣದಲ್ಲಂತೂ ಅಪಾಯ ಸ್ಪಷ್ಟ. ಅಂಥ ಎರಡು ನಾಯಿಗಳನ್ನು ಕೂಡಿಸಿದರೆ ಕುರುಡು, ಕಿವುಡು ಮರಿಗಳು ಹುಟ್ಟಬಹುದು. ಅಲ್ಲಿ ಬಣ್ಣದ ಮೇಲಿನ ನಿರ್ಬಂಧಕ್ಕೆ ಅರ್ಥವಿದೆ.

ಮುಧೋಳ ನಾಯಿ ಈ ಚರ್ಚೆಯೊಳಗೆ ಬಂದದ್ದು ತಡವಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧವಾಯಿತು. ಓಟದ ಪರೀಕ್ಷೆ ಇಲ್ಲದಾದ ಮೇಲೆ ಕೊಳ್ಳುವವರಿಗೆ ಉಳಿದದ್ದು ರೂಪ ಮತ್ತು ಕಾಗದಪತ್ರ. ಕಾಗದದಲ್ಲೂ ಗೊಂದಲವಿತ್ತು: ಒಂದು ಕ್ಲಬ್ ಕ್ಯಾರವಾನ್ ಹೌಂಡ್ ಎಂದು, ಇನ್ನೊಂದು ಮುಧೋಳ ಹೌಂಡ್ ಎಂದು ದಾಖಲಿಸಿತು. ಕಿವಿ, ಬಾಲಗಳಲ್ಲಿ ನೀಳಗೂದಲಿರುವ ‘ಪಶ್ಮಿ’ ಇದರದೇ ಬಗೆಯೋ ಬೇರೆ ತಳಿಯೋ ಎಂಬ ವಾದವೂ ಜೊತೆಗೆ ಸೇರಿಕೊಂಡಿತು. 2005ರಲ್ಲಿ ಅಂಚೆಚೀಟಿ, 2016ರಲ್ಲಿ ಸೇನೆಯ ಮೀರತ್ ಕೇಂದ್ರಕ್ಕೆ ಮರಿಗಳ ರವಾನೆ, 2020ರಲ್ಲಿ ಪ್ರಧಾನಿಯ ರೇಡಿಯೊ ಭಾಷಣದಲ್ಲಿ ಪ್ರಸ್ತಾಪ, ಹೀಗೆ ಹೆಸರು ಬೆಳೆದಂತೆ ಮರಿಗಳ ಬೇಡಿಕೆಯೂ ಏರಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ತಳಿಯನ್ನು ಉಳಿಸಿ ಬೆಳೆಸುವ ಕೆಲಸ ಮಾಡುತ್ತಿದೆ. ಸುತ್ತಲಿನ ಹಳ್ಳಿಗಳ ಎಷ್ಟೋ ಕುಟುಂಬಗಳಿಗೂ ಈ ಮರಿಗಳ ಮಾರಾಟ ಒಂದು ಆದಾಯದ ದಾರಿ.